ಹಾರೆ ಯಾರ ಕೈಯಲ್ಲಿ

ಪ್ರಶ್ನಾವಳಿಯ ಹನ್ನೊಂದನೇ ಪ್ರಶ್ನೆ ಹೀಗಿತ್ತು: "ದೇಹದ ಅಥವಾ ಮನಸ್ಸಿನ ಯಾವುದಾದರೂ ತೊಂದರೆಯಿಂದ, ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ, ಕೆಲಸ ಮಾಡಲಾಗದವರು ಅಥವಾ ಮೊದಲಿನಷ್ಟು ಮಾಡಲಾಗದವರು ಈ ಮನೆಯಲ್ಲಿ ಇದ್ದಾರೆಯೇ?" ಉತ್ತರ 'ಇಲ್ಲ' ಎಂದಾದರೆ ಮುಂದಿನ ಹದಿನಾಲ್ಕು ಪ್ರಶ್ನೆಗಳನ್ನು ಬಿಟ್ಟು ನೇರವಾಗಿ ಇಪ್ಪತ್ತಾರನೇ ಪ್ರಶ್ನೆಗೆ ಹೋಗಬೇಕು. ಮೊದಲ ವಾರ ನಾನು ಹೋದ ಒಂದು ಮನೆಯಲ್ಲೂ ಹನ್ನೆರಡನೇ ಪ್ರಶ್ನೆಯನ್ನು ಕೇಳುವ ಪ್ರಸಂಗ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಇಂದಿರಾನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಸಂಶೋಧನಾ ಕಚೇರಿ. ಕೆಲಸದ ಅಸಾಮರ್ಥ್ಯ ಇರುವವರನ್ನು ಗುರುತಿಸುವ ದೊಡ್ಡದೊಂದು ಸಮೀಕ್ಷೆ ಆರು ತಿಂಗಳಲ್ಲಿ ಶುರುವಾಗುವುದಿತ್ತು. ಅದಕ್ಕೆ ಮೊದಲು ಪ್ರಶ್ನೆಗಳು ಕೆಲಸ ಮಾಡುತ್ತವೆಯೇ ಎಂದು ನೋಡುವ ಪ್ರಾಯೋಗಿಕ ಸುತ್ತು ನಮ್ಮ ಪಾಲಿಗೆ ಬಂದಿತ್ತು. ನಮ್ಮ ಎಂದರೆ ಇಬ್ಬರು. ಕೆ.ಆರ್. ಪುರ ಮತ್ತು ರಾಮಮೂರ್ತಿ ನಗರ ನನಗೆ; ಶಿವಾಜಿನಗರ ನನ್ನ ಸಹೋದ್ಯೋಗಿಗೆ. ಅವನು ಫ್ರೇಜರ್ ಟೌನಿನವನು, ಮನೆಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್.

ಶನಿವಾರ ಸಂಜೆ ಇಬ್ಬರೂ ನಮೂನೆಗಳ ಕಟ್ಟನ್ನು ನಿರ್ದೇಶಕರ ಮೇಜಿನ ಮೇಲಿಟ್ಟೆವು. ನಿವೃತ್ತಿಯ ನಂತರ ಈ ಕಚೇರಿ ನಡೆಸುತ್ತಿದ್ದ ಹಿರಿಯ ಸಂಖ್ಯಾಶಾಸ್ತ್ರಜ್ಞರು ಅವರು. ಒಂದೊಂದೇ ಹಾಳೆ ತಿರುವಿ, "ಎಲ್ಲಾ ಇಲ್ಲ?" ಎಂದರು.

"ಶಿವಾಜಿನಗರದಲ್ಲಿ ಎಲ್ಲಾ ಪೈಲ್ವಾನ್ರೇ ಸಾರ್," ಎಂದ ಸಹೋದ್ಯೋಗಿ.

ನಿರ್ದೇಶಕರು ನಗಲಿಲ್ಲ. "ಮನೆಗೆ ಹೋಗಿದ್ರೋ, ಹೋಟ್ಲಲ್ಲಿ ಕೂತು ತುಂಬಿದ್ರೋ?"

"ನಮ್ಮ ಮನೆ ಹತ್ರ ಮಾಸ್ಕ್ ರೋಡಲ್ಲಿ ಟೀ ಕುಡ್ದಿದ್ದು ನಿಜ. ಆದ್ರೆ ಮನೆಗಳಿಗೂ ಹೋಗಿದ್ದೆ."

ಅವನು ಮನೆಗಳಿಗೆ ಹೋಗಿದ್ದು ನನಗೆ ಗೊತ್ತಿತ್ತು. ಆದರೆ ಅಷ್ಟು ಮನೆಗಳಲ್ಲಿ ಒಬ್ಬರೂ ಇಲ್ಲ ಎನ್ನುವುದು ಸಾಧ್ಯವಿಲ್ಲ ಎನ್ನುವುದೂ ಗೊತ್ತಿತ್ತು. ಜನ ಇದ್ದರು, ನಮ್ಮ ಪ್ರಶ್ನೆಗೆ ಸಿಗುತ್ತಿರಲಿಲ್ಲ. ಯಾಕೆ ಸಿಗುವುದಿಲ್ಲ ಎನ್ನುವುದೇ ನನ್ನ ತಲೆಯಲ್ಲಿ ಕೂತಿತು.

ಮರುದಿನ ಭಾನುವಾರ. ಕೂಲಿ ಕೆಲಸದವರು ಸಿಗುವುದು ಅಂದೇ. ರಾಮಮೂರ್ತಿ ನಗರದಲ್ಲಿ ಎಂಟು ಬಾಡಿಗೆ ಕೋಣೆಗಳ ಒಂದು ವಠಾರ ನನ್ನ ಪಟ್ಟಿಯಲ್ಲಿತ್ತು. ಹಿಂದಿನ ವಾರ ಬಾಗಿಲುಗಳ ಮೇಲೆ ನಾನೇ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ಹೋಗಿದ್ದೆ. ಎಂಟೂ ಕೋಣೆಗಳವರು ರಾಯಚೂರು ಕಡೆಯಿಂದ ಬಂದವರು, ಒಬ್ಬನೇ ಮೇಸ್ತ್ರಿಯ ಕೈಕೆಳಗೆ ರಸ್ತೆ ಬದಿಯಲ್ಲಿ ಕೇಬಲ್ ಹಾಕಲು ಕಾಲುವೆ ಅಗೆಯುವವರು. ಆಗ ನಗರದ ಪೂರ್ವ ಭಾಗದಲ್ಲಿ ಅಗೆದ ಕಾಲುವೆ ಪೂರ್ತಿ ಮುಚ್ಚಿದ ಒಂದು ರಸ್ತೆಯೂ ಇರಲಿಲ್ಲ.

ಎಂಟರಲ್ಲಿ ಸಮೀಕ್ಷೆಯ ಮಾದರಿಗೆ ಆಯ್ಕೆಯಾಗಿದ್ದು ಆರನೇ ಕೋಣೆ. ಗಂಡ, ಹೆಂಡತಿ, ಒಂದು ಹೆಣ್ಣು ಮಗು. ಹೆಂಡತಿಗೆ ಮೂವತ್ತರ ಒಳಗಿನ ವಯಸ್ಸು.

"ಬರ್ರಿ ಅಕ್ಕೋರ, ಕುಂದರ್ರಿ. ರೇಷನ್ ಕಾರ್ಡಿಂದೇನ್ರಿ?"

"ಅಲ್ಲ. ಸಮೀಕ್ಷೆ. ಯಾರ್ಯಾರು ಏನೇನ್ ಕೆಲಸ ಮಾಡ್ತಾರೆ ಅಂತ ಬರ್ಕೊಳ್ಳೋದು."

"ಬರ್ಕೊಂಡು?"

"ಎಲ್ಲಾ ಸೇರಿಸಿ ಲೆಕ್ಕ ಹಾಕೋದು."

"ಹಾಕ್ಕೊಂಡು?"

ಗೋಡೆಗೆ ಒರಗಿ ಕೂತಿದ್ದ ಗಂಡ ನಕ್ಕ. "ಸಾಕ್ ಬಿಡು. ನಾವು ತಗ್ಗು ತೋಡ್ತೀವಿ, ಯಾಕಂತ ಕೇಳ್ತೀವೇನು? ಅವ್ರು ಬರೀತಾರ. ಅವ್ರ ಕೆಲಸ ಅವ್ರದು."

ವಠಾರದ ಬೇರೆ ಕೋಣೆಗಳಲ್ಲಿ ಕೇಳಿ ನನಗೆ ಅವರ ಕೆಲಸದ ರೀತಿ ಆಗಲೇ ಗೊತ್ತಾಗಿತ್ತು. ಗುತ್ತಿಗೆದಾರರು ಆಳುಗಳನ್ನು ಒಬ್ಬೊಬ್ಬರಾಗಿ ತೆಗೆದುಕೊಳ್ಳುವುದಿಲ್ಲ, ಜೋಡಿಯಾಗಿ ತೆಗೆದುಕೊಳ್ಳುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಗಂಡ ಹಾರೆಯಿಂದ ನೆಲ ಒಡೆಯುತ್ತಾನೆ, ಹೆಂಡತಿ ಮಣ್ಣನ್ನು ಬಾಂಡ್ಲಿಗೆ ತುಂಬಿ ಎತ್ತಿ ಹಾಕುತ್ತಾಳೆ. ಬೆಳಿಗ್ಗೆ ಒಂದು ಜೋಡಿಗೆ ಇಷ್ಟು ಉದ್ದ ಎಂದು ಗೆರೆ ಎಳೆದು ಕೊಡುತ್ತಾರೆ. ಹಾಗಾಗಿ ನಾನು ಕೇಳುವ ಗೋಜಿಗೂ ಹೋಗದೆ ಗಂಡನ ಮುಂದೆ 'ಅಗೆತ' ಎಂದೂ ಹೆಂಡತಿಯ ಮುಂದೆ 'ಮಣ್ಣು ಹೊರುವುದು' ಎಂದೂ ಬರೆದುಕೊಂಡೆ. ಆಮೇಲೆ ಹನ್ನೊಂದನೇ ಪ್ರಶ್ನೆ ಓದಿದೆ.

"ಇಲ್ರಿ," ಎಂದಳು ಹೆಂಡತಿ. "ದಿನಾ ಹೋಗ್ತೀವ್ರಿ. ಒಂದ್ ದಿನಾನೂ ತಪ್ಪಿಸಿಲ್ಲ."

ಇಪ್ಪತ್ತಾರಕ್ಕೆ ಹೋದೆ.

ಮೂರು ದಿನ ಬಿಟ್ಟು, ಬುಧವಾರ ಮಧ್ಯಾಹ್ನ, ನೂರಡಿ ರಸ್ತೆಯಿಂದ ಕಚೇರಿಯ ಅಡ್ಡರಸ್ತೆಗೆ ತಿರುಗಿದಾಗ ಅಲ್ಲಿಯೂ ಕಾಲುವೆ ತೋಡುತ್ತಿದ್ದರು. ದಾಟಲು ಹಲಗೆ ಎಲ್ಲಿದೆ ಎಂದು ನೋಡುತ್ತಿದ್ದಾಗ ಆರನೇ ಕೋಣೆಯವರು ಕಂಡರು. ಹಾರೆ ಹೆಂಡತಿಯ ಕೈಯಲ್ಲಿತ್ತು. ಎರಡೂ ಕೈಗಳಿಂದ ತಲೆಯ ಮೇಲಕ್ಕೆತ್ತಿ, ಉಸಿರು ಬಿಡುತ್ತಾ ಕುಕ್ಕುತ್ತಿದ್ದಳು. ಗಂಡ ಅವಳ ಹಿಂದೆ ಮೊಣಕಾಲೂರಿ, ಗಿಡ್ಡ ಹಿಡಿಯ ಸಲಿಕೆಯಿಂದ ಮಣ್ಣನ್ನು ಬಾಂಡ್ಲಿಗೆ ಎಳೆದುಕೊಂಡು, ಅದನ್ನು ಎಡಗೈಯಿಂದ ಹೊಟ್ಟೆಗೆ ಒತ್ತಿ ಹಿಡಿದು ಪಕ್ಕಕ್ಕೆ ಸುರಿಯುತ್ತಿದ್ದ. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಬರುತ್ತಿರಲಿಲ್ಲ. ಉಳಿದ ಜೋಡಿಗಳಲ್ಲೆಲ್ಲ ಹಾರೆ ಗಂಡಸಿನ ಕೈಯಲ್ಲೇ ಇತ್ತು.

ನಾನು ಬರೆದಿದ್ದು ತಪ್ಪು ಎಂದು ಆ ಕ್ಷಣ ತಿಳಿಯಿತು. ಎರಡನೇ ತಪ್ಪನ್ನೂ ಆಗಲೇ ಮಾಡಿದೆ. ಚೀಲದಿಂದ ನಮೂನೆ ಸಿಕ್ಕಿಸಿದ ರಟ್ಟು ತೆಗೆದು, ಕಾಲುವೆಯ ಅಂಚಿಗೆ ಹೋಗಿ, "ಹಾರೆ ನೀವು ಹಿಡೀತೀರಾ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ನನ್ನನ್ನು ಗುರುತು ಹಿಡಿದಳು, ಮತ್ತೆ ಹಾರೆ ಎತ್ತಿದಳು. ಅಷ್ಟರಲ್ಲಿ ಮೇಸ್ತ್ರಿ ಬಂದ. ಆಳ ನೋಡಲು ಕಚ್ಚು ಹಾಕಿದ ಒಂದು ಕೋಲು ಅವನ ಕೈಯಲ್ಲಿತ್ತು.

"ಏನ್ ಮೇಡಂ, ಕೇಬಲ್ ಕಂಪನಿಯವ್ರಾ?"

"ಅಲ್ಲ. ಸಮೀಕ್ಷೆ ಮಾಡ್ತಿದೀವಿ."

"ಏನ್ ಸಮೀಕ್ಷೆ?"

ನಮೂನೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ 'ಕೆಲಸದ ಅಸಾಮರ್ಥ್ಯ' ಎಂದು ಅಚ್ಚಾಗಿತ್ತು. ಅದರ ಮೇಲೆ ಅಂಗೈ ಇಟ್ಟು, "ಯಾವ ಕೆಲಸ ಹೇಗೆ ನಡೆಯತ್ತೆ ಅಂತ," ಎಂದೆ.

ಮೇಸ್ತ್ರಿಗೆ ಹೇಳುವ ಉತ್ಸಾಹವಿತ್ತು. ಕೋಲನ್ನು ಕಾಲುವೆಗೆ ಇಳಿಸಿ ಕಚ್ಚು ಎಲ್ಲಿಗೆ ಬರಬೇಕೆಂದು ತೋರಿಸಿದ. ಗಟ್ಟಿ ನೆಲ ಎಲ್ಲಿ, ತುಂಬಿಸಿದ ಮಣ್ಣು ಎಲ್ಲಿ, ಯಾವ ಮರದ ಬೇರು ಎಷ್ಟು ದೂರ ಬಂದಿದೆ ಎಂದೆಲ್ಲ ಹೇಳಿದ.

"ಗಂಡ್ಸು ಅಗೀಬೇಕು, ಹೆಂಗ್ಸು ಎತ್ಬೇಕು. ಇದೊಂದ್ ಜೋಡಿ ಮಾತ್ರ ಉಲ್ಟಾ. ನಾನ್ ಯಾಕೆ ಅಂತ ಕೇಳಕ್ ಹೋಗಲ್ಲ. ಸಾಯಂಕಾಲ ಕೋಲು ಕಚ್ಚಿನ್ ತಂಕ ಇಳಿದ್ರೆ ನಂಗ್ ಸಾಕು."

"ಬೇರೆಯವರು ಕೇಳ್ತಾರಾ?"

"ಇಂಜಿನಿಯರ್ ಸಾಹೇಬ್ರು ಬಿಡಲ್ಲ. ಹೋದ ತಿಂಗ್ಳು ಹೆಣ್ಣೂರ್ ಕಡೆ ಒಂದ್ ಜೋಡಿ. ಗಂಡನ್ ಕೈ ಸರಿ ಇಲ್ಲ ಅಂತ ಗೊತ್ತಾಯ್ತು. ಇಬ್ರನ್ನೂ ಕಳಿಸ್ಬಿಟ್ರು. ಹೆಂಗ್ಸು ಚೆನ್ನಾಗೇ ಇದ್ಲು. ಆದ್ರೆ ಒಂಟಿ ಆಳ್ನ ತಗೊಳ್ಳಲ್ವಲ್ಲ, ಎಲ್ಲಿಗ್ ಹೋಗ್ತಾಳೆ."

ಅವನು ಇದನ್ನು ಹೇಳುತ್ತಿದ್ದಾಗಲೇ ಅಡ್ಡರಸ್ತೆಯ ತುದಿಯಲ್ಲಿ ಇಂಜಿನಿಯರ್ ಸಾಹೇಬರ ಜೀಪು ತಿರುಗಿತು. ಮೇಸ್ತ್ರಿ ಕೋಲಿನಿಂದ ಕಲ್ಲಿನ ಮೇಲೆ ಎರಡು ಸಲ ತಟ್ಟಿದ, ಅಷ್ಟೇ. ಹೆಂಡತಿ ಹಾರೆಯನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟಳು; ಗಂಡ ಎದ್ದು ಅದನ್ನು ಹಿಡಿದುಕೊಂಡ. ಅವಳು ಬಾಂಡ್ಲಿ ಹತ್ತಿರ ಕೂತಳು. ಗಂಡ ಹಾರೆಯ ಮೊನೆಯನ್ನು ಒಡೆದ ಮಣ್ಣಿನೊಳಗೆ ಊರಿ, ಬಿರುಕು ಹುಡುಕುವವನಂತೆ ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾ ನಿಂತ. ಜೀಪು ನಿಧಾನವಾಗಿ ಹಾದುಹೋಯಿತು. ಮೇಸ್ತ್ರಿ ನಮಸ್ಕಾರ ಹಾಕಿದ. ಜೀಪಿನ ಸದ್ದು ಅಡಗಿದ ಮೇಲೆ ಹಾರೆ ಮತ್ತೆ ಹೆಂಡತಿಯ ಕೈಗೆ ಹೋಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನಾನು ರಟ್ಟನ್ನು ಚೀಲಕ್ಕೆ ಹಾಕಿಕೊಂಡು ಹಲಗೆ ದಾಟಿದೆ.

ಕಚೇರಿಯಲ್ಲಿ ನಿರ್ದೇಶಕರಿಗೆ ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕಣ್ಣಿಗೆ ಕಂಡದ್ದನ್ನ ಬರೆಯೋ ಹಾಗಿಲ್ಲಮ್ಮ. ಅವರು ಹೇಳಿದ್ದನ್ನ ಬರೀಬೇಕು. ನಿನ್ನ ಕಣ್ಣು, ಇನ್ನೊಬ್ಬರ ಕಣ್ಣು ಒಂದೇ ಅಲ್ಲ," ಎಂದರು. ಅದು ಸರಿಯಾದ ನಿಯಮ. ಅದರ ಬಗ್ಗೆ ನನಗೆ ತಕರಾರಿರಲಿಲ್ಲ. "ಆದ್ರೆ ಅವಳು ಹೇಳಿದ್ದು ಸುಳ್ಳಲ್ಲ ಸಾರ್," ಎಂದೆ. "ದಿನಾ ಹೋಗ್ತೀವಿ ಅಂದ್ಳು. ಹೋಗ್ತಾರೆ. ಜೋಡಿಯ ಕೆಲಸ ಪೂರ್ತಿ ಆಗತ್ತೆ. ನಾವು ಒಬ್ಬೊಬ್ಬರ ಕೆಲಸ ಕೇಳ್ತಿದೀವಿ. ಅವರಿಗೆ ಒಬ್ಬೊಬ್ಬರ ಕೆಲಸ ಅಂತ ಒಂದಿಲ್ಲ."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಹೇಳೋ ಹಾಗೆ ಕೇಳು."

ವಾರದ ಕೊನೆಯವರೆಗೆ ಪ್ರಶ್ನೆ ಬರೆಯುವುದು, ಹೊರಗೆ ಹೋಗಿ ಕೇಳುವುದು, ಬಂದು ಹೊಡೆದುಹಾಕುವುದು, ಇಷ್ಟೇ ಕೆಲಸ. ನನ್ನ ಮಟ್ಟಿಗೆ ಅವು ತುಂಬಾ ಸೊಗಸಾದ ದಿನಗಳು. ಮೊದಲು "ಕೆಲಸ ಮಾಡುವಾಗ ಎಲ್ಲಿಯಾದರೂ ನೋವಿದೆಯೇ?" ಎಂದು ಬರೆದೆವು. ಕೆ.ಆರ್. ಪುರದ ಸಂತೆಯ ಹತ್ತಿರ ಕೇಳಿದವರಲ್ಲಿ ಎಲ್ಲರೂ ಹೌದೆಂದರು. ತರಕಾರಿ ಮಾರುವ ಅಜ್ಜಿಯೊಬ್ಬರು, "ಇಲ್ಲ ಅನ್ನೋರ್ ಯಾರಾದ್ರೂ ಸಿಕ್ರೆ ನಂಗೂ ತೋರ್ಸಮ್ಮ," ಎಂದರು. ಹಿಂದಿನ ವಾರ ಯಾರೂ ಇರಲಿಲ್ಲ. ಈಗ ಊರಿಗೆ ಊರೇ ಇತ್ತು. ಎರಡನೆಯದಾಗಿ "ಮೊದಲು ಮಾಡುತ್ತಿದ್ದು ಈಗ ಮಾಡಲಾಗದ ಕೆಲಸ ಯಾವುದು?" ಎಂದು ಕೇಳಿದೆವು. ಜನ ಯೋಚಿಸಿ, "ಅಂಥದ್ದೇನಿಲ್ಲ," ಎನ್ನುತ್ತಿದ್ದರು. ಆಗಲ್ಲ ಎನ್ನುವ ಮಾತನ್ನು ಯಾರ ಬಾಯಿಯೂ ಸುಲಭವಾಗಿ ಆಡುವುದಿಲ್ಲ.

ಮೂರನೆಯದರಲ್ಲಿ ದೇಹದ ಮಾತನ್ನೇ ಬಿಟ್ಟೆವು. ಕೆಲಸವನ್ನು ತುಂಡು ಮಾಡಿ ಕೇಳುವುದು. ಈ ಕೆಲಸದಲ್ಲಿ ಮೊದಲು ಏನು ಮಾಡಬೇಕು, ಆಮೇಲೆ ಏನು? ಒಂದೊಂದು ತುಂಡನ್ನೂ ಈಗ ಯಾರು ಮಾಡುತ್ತಾರೆ? ಹಿಂದೆ ಯಾರು ಮಾಡುತ್ತಿದ್ದರು? ಬದಲಾಗಿದ್ದರೆ, ಯಾಕೆ ಬದಲಾಯಿತು?

ಸಹೋದ್ಯೋಗಿ ಇದನ್ನು ಶಿವಾಜಿನಗರದ ಒಂದು ಜರಿ ಕಸೂತಿ ಕಾರ್ಖಾನೆಗೆ ಒಯ್ದ. ಸಂಜೆ ಮೆಟ್ಟಿಲು ಹತ್ತುವಾಗಲೇ ಅವನ ದನಿ ಕೇಳಿಸಿತು. "ಸಿಕ್ಕಿದ್ರು. ಒಬ್ರು ಚಾಚಾ, ಹೋದ ವಾರ ಎದೆ ತಟ್ಟಿ ಇಲ್ಲ ಅಂದೋರು. ಈಗ ಕೇಳಿದ್ರೆ, ಚೌಕಟ್ಟಿಗೆ ಬಟ್ಟೆ ಬಿಗಿಯೋದು ನಾನು, ಸೂಜಿ ಅಣ್ಣನ ಮಗ ಅಂತಾರೆ. ಮುಂಚೆ? ಮುಂಚೆ ಸೂಜಿ ನಂದೇ ಅಂತಾರೆ. ಯಾಕೆ ಬಿಟ್ರಿ ಅಂದೆ. ದಾರ ಕಾಣ್ಸೋದ್ ನಿಂತೋಯ್ತು ಬೇಟಾ, ಅಷ್ಟೇ ಅಂದ್ರು. ಅಷ್ಟೇ ಅಂತೆ."

ಆದರೆ 'ಹಿಂದೆ' ಎಂದರೆ ಎಂದು? ನಮ್ಮ ವ್ಯಾಖ್ಯೆಗೆ ಆರು ತಿಂಗಳು ಬೇಕು. ಜನರಿಗೆ ಆರು ತಿಂಗಳು ಎನ್ನುವುದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ರಾಮಮೂರ್ತಿ ನಗರದವರು ಎಲ್ಲವನ್ನೂ ಊರಿಗೆ ಹೋಗಿ ಬಂದ ಹಬ್ಬದಿಂದ ಎಣಿಸುತ್ತಾರೆ ಎನ್ನುವುದು ನನ್ನ ಹಳೆಯ ನಮೂನೆಗಳ ಅಂಚಿನ ಟಿಪ್ಪಣಿಗಳಲ್ಲೇ ಇತ್ತು. ಅವರಿಗೆ ದೊಡ್ಡದು ಅಲಾಯಿ ಹಬ್ಬ, ಅಂದರೆ ಮೊಹರಂ.

"ಮೊಹರಮ್ಮಾ? ಅವ್ರು ಹಿಂದೂಗಳಲ್ವಾ?" ಎಂದ ಸಹೋದ್ಯೋಗಿ.

"ಹೌದು. ಊರಲ್ಲಿ ಎಲ್ಲರೂ ಸೇರಿ ಮಾಡ್ತಾರಂತೆ."

"ನಮ್ಮಮ್ಮಂಗೆ ಹೇಳ್ಬೇಕು," ಎಂದು ಅವನು ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಹೀಗೆ 'ಹಿಂದೆ' ಎನ್ನುವುದು 'ಕಳೆದ ದೊಡ್ಡ ಹಬ್ಬಕ್ಕೆ ಊರಿಗೆ ಹೋಗುವ ಮೊದಲು' ಎಂದಾಯಿತು. ಆ ವರ್ಷ ಅಲಾಯಿ ಕಳೆದು ಏಳು ತಿಂಗಳ ಮೇಲಾಗಿತ್ತು.

ಭಾನುವಾರ ಮತ್ತೆ ಆರನೇ ಕೋಣೆಗೆ ಹೋದೆ. ಹೆಂಡತಿ ಬಾಗಿಲಲ್ಲೇ ಇದ್ದಳು. ಈ ಸಲ ಕುಂದರ್ರಿ ಎನ್ನಲಿಲ್ಲ.

"ಅವತ್ತು ಅಲ್ಲಿಗ್ಯಾಕ ಬಂದ್ರಿ ಅಕ್ಕೋರ?"

"ತಪ್ಪಾಯ್ತು," ಎಂದೆ. "ಬರಬಾರದಿತ್ತು. ಮೇಸ್ತ್ರಿಗೆ ಏನೂ ಹೇಳಿಲ್ಲ."

"ಮೇಸ್ತ್ರಿದೇನಿಲ್ರಿ. ಆ ಜೀಪು..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಒಳಗಿನಿಂದ ಗಂಡ, "ಒಳಗ ಕರಿ. ಹೊರಗ ನಿಂತ್ರ ವಠಾರೆಲ್ಲ ಕೇಳತೈತಿ," ಎಂದ.

ಕೂತ ಮೇಲೆ, ಹಳೆಯ ನಮೂನೆ ತಪ್ಪಾಗಿದೆ, ಹೊಸದಾಗಿ ಕೇಳುತ್ತೇನೆ, ಬೇಡವಾದರೆ ಹೇಳಬೇಕಿಲ್ಲ ಎಂದೆ. ಮೊದಲು ನೆಲ ಒಡೆಯುವುದು. ಈಗ ಯಾರು?

"ನಾನ," ಎಂದಳು.

"ಅಲಾಯಿಗೆ ಊರಿಗೆ ಹೋಗೋ ಮೊದಲು?"

"ಇವ್ರು."

"ಯಾಕೆ ಬದಲಾಯ್ತು?"

ಅವಳು ಗಂಡನನ್ನು ನೋಡಿದಳು. ಉತ್ತರ ಅವನೇ ಕೊಟ್ಟ. ಕಸ್ತೂರಿ ನಗರದ ಹತ್ತಿರ ಆಳದ ಕಾಲುವೆ. ಮಳೆ ಬಂದ ಮರುದಿನ ಪಕ್ಕದ ಮಣ್ಣು ಕುಸಿದು ಬಲ ಭುಜದ ಮೇಲೆ ಬಿತ್ತು. ಊರಲ್ಲಿ ಎಲುಬು ಕಟ್ಟುವವರ ಹತ್ತಿರ ಪಟ್ಟು ಹಾಕಿಸಿದರು. ನೋವು ಹೋಯಿತು, ಕೈ ಮೇಲೇಳಲಿಲ್ಲ. ಇದನ್ನು ಅವನು ಬೇರೆ ಯಾರದೋ ಕೈಯ ಸುದ್ದಿಯಂತೆ ಹೇಳಿದ.

"ಊರಿಂದ ವಾಪಸ್ ಬರೂಮುಂದ ಬಸ್ಸಿನ್ಯಾಗ ಆಕೀನ ಅಂದ್ಳು, ಹಾರಿ ನಂಗ್ ಕೊಡು ಅಂತ. ಅವತ್ತಿಂದ ಮನ್ಯಾಗ ನನ್ನ ಮಾತೇ ನಡ್ಯಂಗಿಲ್ರಿ."

"ಮದ್ಲ ಎಲ್ಲಿ ನಡೀತಿತ್ತು," ಎಂದಳು ಅವಳು.

ಮೂವರೂ ನಕ್ಕೆವು. ಹನ್ನೆರಡರಿಂದ ಇಪ್ಪತ್ತೈದರವರೆಗಿನ ಹದಿನಾಲ್ಕೂ ಪ್ರಶ್ನೆಗಳನ್ನು ನಾನು ಮೊದಲ ಬಾರಿಗೆ ಕೇಳಿದೆ. ಇಬ್ಬರೂ ಸರಿಯಾಗಿ, ಯೋಚಿಸಿ ಉತ್ತರ ಕೊಟ್ಟರು. ಅಷ್ಟು ಚೆನ್ನಾಗಿ ತುಂಬಿದ ನಮೂನೆ ನನ್ನ ಬಳಿ ಅದುವರೆಗೆ ಇರಲಿಲ್ಲ. ನಿರ್ದೇಶಕರ ಮುಂದೆ ಇದನ್ನು ಇಡುವುದನ್ನು ಮನಸ್ಸು ಆಗಲೇ ಕಲ್ಪಿಸಿಕೊಳ್ಳುತ್ತಿತ್ತು.

ಪೆನ್ನು ಮುಚ್ಚುವಾಗ ಅವಳು ಕೇಳಿದಳು. "ಈ ಹಾಳಿ ಎಲ್ಲಿಗೆ ಹೋಗತೈತ್ರಿ?"

ನಮ್ಮ ಕಚೇರಿಗೆ, ಗುಟ್ಟಾಗಿ ಇಡುತ್ತೇವೆ ಎನ್ನುವುದು ತರಬೇತಿಯಲ್ಲಿ ಕಲಿಸಿದ ಉತ್ತರ. ಅದು ನಿಜವೂ ಹೌದು. ಆದರೆ ಪೂರ್ತಿ ನಿಜವಲ್ಲ. ಹತ್ತರಲ್ಲಿ ಒಂದು ಮನೆಗೆ ಇನ್ನೊಬ್ಬರು ಮರುಭೇಟಿಗೆ ಬರುತ್ತಾರೆ. ನಮೂನೆಯ ಪ್ರತಿ ಹಿಡಿದು, ಮುಂಚೆ ತಿಳಿಸದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದವರನ್ನು ವಿಚಾರಿಸುತ್ತಾರೆ. ಇಲ್ಲಿ ಪಕ್ಕದವರೆಂದರೆ ಅದೇ ಕಾಲುವೆಯ ಏಳು ಜೋಡಿಗಳು; ಅವರಲ್ಲಿ ಎದ್ದ ಮಾತು ಇಂಜಿನಿಯರರ ಕಿವಿಗೂ ಬೀಳಬಹುದು. ಯಾವ ಮನೆಗೆ ಮರುಭೇಟಿ ಬೀಳುತ್ತದೆಂದು ನನಗೂ ಗೊತ್ತಿರುವುದಿಲ್ಲ. ನಾನು ಒಂದೇ ದಿನ ರಟ್ಟು ಹಿಡಿದು ಕಾಲುವೆಯ ಅಂಚಿಗೆ ಹೋದದ್ದಕ್ಕೇ ಏನಾಗಬಹುದಿತ್ತು ಎನ್ನುವುದನ್ನು ನೋಡಿದ್ದೆ. ಇದನ್ನೆಲ್ಲ ಅವಳಿಗೆ ಹೇಳಿದೆ. ಹೇಳುವುದೋ ಬೇಡವೋ ಎಂದು ಯೋಚಿಸಿದ್ದು ಪೆನ್ನು ಜೇಬಿಗೆ ಹಾಕುವಷ್ಟು ಹೊತ್ತು ಮಾತ್ರ. ಆದರೂ ಆ ಕೆಲಸದಲ್ಲಿ ನಾನು ತೆಗೆದುಕೊಂಡ ತೀರ್ಮಾನ ಎಂದರೆ ಅದೊಂದೇ.

ಹೆಂಡತಿ ನಮೂನೆಯ ಕಡೆ ಬಗ್ಗಿದಳು. "ಇದ್ರಾಗ ಇವ್ರು ಎಲ್ಲಿ ಅದಾರ್ರಿ?"

ತೋರಿಸಿದೆ. ಎರಡನೇ ಪುಟ, ನಾಲ್ಕನೇ ಸಾಲು. ನೆಲ ಒಡೆಯುವುದು: ಮೊದಲು ಗಂಡ, ಈಗ ಹೆಂಡತಿ, ಬಲ ಭುಜ. ಓದಿ ಹೇಳಿದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೆ ಎಳೆದಳು.

"ಪ್ರಶ್ನಿ ಚಲೋ ಐತ್ರಿ ಅಕ್ಕೋರ," ಎಂದಳು. "ಪ್ರಶ್ನಿ ಇಟಗೋರಿ. ನಮ್ಮನ್ನ ಬಿಡ್ರಿ."

ಉತ್ತರ ಕೊಟ್ಟವರು ಹಿಂದೆ ತೆಗೆದುಕೊಳ್ಳಬಹುದು ಎಂದು ನಿಯಮದಲ್ಲಿತ್ತು. ಹಿಂದೆ ತೆಗೆದುಕೊಂಡ ನಮೂನೆಗೆ ಅಡ್ಡಗೆರೆ ಎಳೆದು ಕಚೇರಿಗೆ ಒಪ್ಪಿಸಬೇಕು ಎಂದೂ ಇತ್ತು. ಅಡ್ಡಗೆರೆ ಎಳೆದರೂ ಅಕ್ಷರ ಕಾಣುತ್ತದೆ. ನಾನು ಹಳೆಯದನ್ನೂ ಹೊಸದನ್ನೂ ರಟ್ಟಿನಿಂದ ಬಿಡಿಸಿ ಅವಳ ಕೈಗೆ ಕೊಟ್ಟೆ. ಅವಳು ಅವನ್ನು ಮಡಚಿ, ಒಲೆ ಹತ್ತಿಸಲು ಇಟ್ಟಿದ್ದ ಪುಳ್ಳೆಗಳ ಕೆಳಗೆ ಸೇರಿಸಿದಳು. ನಂತರ, "ಚಾ ಕುಡೀರಿ," ಎಂದಳು. ಆ ಚಹಾ ಆ ಒಲೆಯ ಮೇಲೆಯೇ ಆಯಿತು.

ಸೋಮವಾರ ನಿರ್ದೇಶಕರು ಕಟ್ಟಿನಲ್ಲಿ ಒಂದು ಸಂಖ್ಯೆ ಕಡಿಮೆ ಇರುವುದನ್ನು ಕಂಡರು. ಉತ್ತರ ಕೊಡಲೊಪ್ಪದ ಮನೆಗಳಿಗೆಂದು ಇದ್ದ ನಿರಾಕರಣೆಯ ಹಾಳೆಯನ್ನು ಮುಂದಿಟ್ಟು, ನಮೂನೆಯನ್ನು ಅವರಿಗೇ ಕೊಟ್ಟುಬಂದೆ ಎಂದೆ.

"ಕೊಟ್ಟುಬಂದೆ ಅಂದ್ರೆ? ಯಾರನ್ನ ಕೇಳಿ?"

"ಅವರನ್ನ ಕೇಳಿ ಸಾರ್."

ಅವರು ಆ ಹಾಳೆಯನ್ನು ಹಿಂದುಮುಂದು ತಿರುವಿ ನೋಡಿದರು. ಕೊನೆಗೆ, "ಆ ಮನುಷ್ಯ ಇಲ್ದೆ ಈ ಪ್ರಶ್ನೆಯೇ ಇರ್ತಿರಲಿಲ್ಲ. ಈಗ ಪ್ರಶ್ನೆ ಇದೆ, ಅವನೇ ಇಲ್ಲ. ವರದೀಲಿ ಏನಂತ ಬರೀಲಿ?" ಎಂದರು. ಆಮೇಲೆ ಅವರು ಪಟ್ಟಿ ತೆಗೆದು ಬದಲಿ ಮನೆಯ ಸಂಖ್ಯೆ ಬರೆದು ಕೊಟ್ಟರು. ಇನ್ನು ಮೇಲೆ ಹೀಗೆ ಮಾಡಕೂಡದೆಂದು ಒಂದು ಟಿಪ್ಪಣಿಯನ್ನೂ ಕೊಟ್ಟರು. ಎರಡಕ್ಕೂ ಸಹಿ ಹಾಕಿದೆ. ದೊಡ್ಡ ಸಮೀಕ್ಷೆಯ ಅಚ್ಚಾದ ಪ್ರಶ್ನಾವಳಿಯಲ್ಲಿ 'ಈಗ ಯಾರು, ಮೊದಲು ಯಾರು' ಎನ್ನುವ ಕೋಷ್ಟಕ ಹನ್ನೊಂದನೆಯ ಸ್ಥಾನದಲ್ಲಿ ಬಂತು. ಮರುಭೇಟಿಯಲ್ಲಿ ನೆರೆಯವರನ್ನು ವಿಚಾರಿಸುವ ಸಾಲು ಸೂಚನೆಗಳಲ್ಲಿ ಇರಲಿಲ್ಲ. ಅದನ್ನು ಯಾವಾಗ ತೆಗೆದರೆಂದು ನಿರ್ದೇಶಕರು ನನಗೆ ಹೇಳಲಿಲ್ಲ.

ಸುಮಾರು ಒಂದು ತಿಂಗಳ ಮೇಲೆ, ಸಂಜೆ ಐದರ ಹೊತ್ತಿಗೆ, ಹಳೆ ಮದ್ರಾಸ್ ರಸ್ತೆಯಲ್ಲಿ ಹಲಸೂರಿನ ಬಸ್ಸಿಗೆ ಕಾಯುತ್ತಿದ್ದೆ. ಕಾಲುವೆ ಅಲ್ಲಿಯವರೆಗೆ ಬಂದಿತ್ತು. ನಿಲ್ದಾಣದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಆರನೇ ಕೋಣೆಯ ಜೋಡಿ. ಅವಳು ಹಾರೆ ಎತ್ತಿದ್ದಾಗ ಕಲ್ಲಿನ ಮೇಲೆ ಕೋಲು ಎರಡು ಸಲ ತಟ್ಟಿದ ಸದ್ದು ಕೇಳಿಸಿತು. ಹಾರೆ ನೆಟ್ಟಗೆ ನಿಂತಿತು, ಕೈ ಬದಲಾಯಿತು, ಅವನು ಮೊನೆಯನ್ನು ಮಣ್ಣಿಗೆ ಊರಿದ. ಬಾಂಡ್ಲಿಯ ಹತ್ತಿರ ಕೂರುತ್ತಾ ಅವಳು ತಲೆಯೆತ್ತಿದಾಗ ಕಣ್ಣು ನೇರ ನನ್ನ ಮೇಲೆ ಬಿತ್ತು. ಗುರುತು ಸಿಕ್ಕಿದ್ದು ಸ್ಪಷ್ಟವಾಗಿತ್ತು. ಮುಖದಲ್ಲಿ ಏನನ್ನೂ ತೋರಿಸದೆ ಅವಳು ಮಣ್ಣು ತುಂಬತೊಡಗಿದಳು.

ನಾನೂ ಗುರುತಿಲ್ಲದವಳಂತೆ ರಸ್ತೆಯ ಕಡೆ ತಿರುಗಿ, ಜೀಪಿನ ಹಿಂದೆ ಬರುತ್ತಿದ್ದ ಬಸ್ಸಿನ ಸಂಖ್ಯೆ ಓದಲು ಶುರು ಮಾಡಿದೆ.